ಎತ್ತಿದ ಕೈಗಳೂ ಚಿತ್ರದಲ್ಲಿರಲಿ: ಮಕ್ಕಳ ಚಿಯರ್‌ಲೀಡಿಂಗ್ ಸ್ಪರ್ಧೆಯ ಫೋಟೊ ತೆಗೆಯುವ ಬಗೆ

ಸ್ಪರ್ಧೆಯಲ್ಲಿ ಒಂದು ತಂಡಕ್ಕೆ ಸಿಗುವ ಹೊತ್ತು ಹೆಚ್ಚೆಂದರೆ ಎರಡೂವರೆ ನಿಮಿಷ. ಅಷ್ಟರಲ್ಲೇ ಮಕ್ಕಳು ಓಡುತ್ತಾರೆ, ಪಲ್ಟಿ ಹೊಡೆಯುತ್ತಾರೆ, ಒಬ್ಬರನ್ನೊಬ್ಬರು ಎತ್ತಿ ನಿಲ್ಲಿಸುತ್ತಾರೆ, ಗಾಳಿಗೆ ಎಸೆದು ಹಿಡಿಯುತ್ತಾರೆ, ಕುಣಿಯುತ್ತಾರೆ. ಅದೂ ಒಂದೇ ಕಡೆಯಲ್ಲ, ಅಂಕಣದ ಮೂರು ನಾಲ್ಕು ಜಾಗಗಳಲ್ಲಿ ಒಟ್ಟೊಟ್ಟಿಗೆ. ಮೊದಲ ಸಲ ಕ್ಯಾಮೆರಾ ಹಿಡಿದು ಹೋದವರಿಗೆ ಯಾವ ಕಡೆ ನೋಡುವುದೆಂದೇ ತೋಚುವುದಿಲ್ಲ. ಕಣ್ಣು ತಾನಾಗಿಯೇ ಎಲ್ಲರಿಗಿಂತ ಎತ್ತರದಲ್ಲಿರುವ ಮಗುವಿನ ಮೇಲೆ ಹೋಗಿ ಕೂರುತ್ತದೆ.

ನನಗೂ ಹಾಗೇ ಆಗಿತ್ತು. ಮೊದಮೊದಲು ಒಂದು ತಂಡಕ್ಕೆ ರಾಶಿ ಚಿತ್ರ ತೆಗೆದುಕೊಟ್ಟಿದ್ದೆ. ಒಬ್ಬ ತಾಯಿ ಒಂದೊಂದನ್ನೇ ಕೊನೆಯವರೆಗೂ ನೋಡಿ, "ಇದರಲ್ಲೆಲ್ಲ ನನ್ನ ಮಗಳ ಕೈ ಮಾತ್ರ ಇದೆಯಲ್ಲ?" ಎಂದರು. ಅವರ ಮಗಳು ಕೆಳಗೆ ನಿಂತು ಎತ್ತುವವಳು. ವರ್ಷವಿಡೀ ಅಭ್ಯಾಸ ಮಾಡಿ, ಇನ್ನೊಬ್ಬ ಹುಡುಗಿಯ ಭಾರ ಹೊತ್ತು ನಿಂತಿದ್ದ ಆ ಮಗುವಿನ ಮುಖ ನನ್ನ ಒಂದು ಚಿತ್ರದಲ್ಲೂ ಇರಲಿಲ್ಲ. ಅಂದಿನಿಂದ ನಾನು ಕೂರುವ ಜಾಗ, ಒತ್ತುವ ಕ್ಷಣ, ಆರಿಸುವ ಚಿತ್ರ ಎಲ್ಲವೂ ಬದಲಾದವು. ಈ ಲೇಖನದ ಹೆಚ್ಚಿನ ಸಲಹೆಗಳು ಹುಟ್ಟಿದ್ದು ಆ ಪ್ರಶ್ನೆಯಿಂದಲೇ.

ಮೊದಲು ಆಟವನ್ನು ಅರಿಯಿರಿ

ಚಿಯರ್‌ಲೀಡಿಂಗ್ ಎಂದರೆ ಬೇರೆಯವರ ಪಂದ್ಯದ ಬದಿಯಲ್ಲಿ ನಿಂತು ಹುರಿದುಂಬಿಸುವುದು ಎಂಬ ಕಲ್ಪನೆ ಇನ್ನೂ ಇದೆ. ಅದು ಶುರುವಾದದ್ದು ಹಾಗೆಯೇ. 1898ರ ನವೆಂಬರ್ 2ರಂದು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯದಲ್ಲಿ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಪ್ರೇಕ್ಷಕರ ಮುಂದೆ ನಿಂತು ಘೋಷಣೆ ಹೇಳಿಸಿದ್ದನ್ನು ಇದರ ಆರಂಭವೆಂದು ಎಣಿಸುತ್ತಾರೆ. ಇಂದಿನ ಸ್ಪರ್ಧಾತ್ಮಕ ಚಿಯರ್‌ನಲ್ಲಿ ಹುರಿದುಂಬಿಸಲು ಬೇರೆ ಪಂದ್ಯವೇ ಇಲ್ಲ, ಇದೇ ಪಂದ್ಯ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2021ರಲ್ಲಿ ಇದರ ಜಾಗತಿಕ ಒಕ್ಕೂಟಕ್ಕೆ ಪೂರ್ಣ ಮಾನ್ಯತೆ ಕೊಟ್ಟಿದೆ. ಹಾಗಾಗಿ ಇದನ್ನು ಸಮಾರಂಭದ ನೃತ್ಯದಂತೆ ನೋಡದೆ, ಜಿಮ್ನಾಸ್ಟಿಕ್ಸ್ ಸೆರೆಹಿಡಿಯುವ ಸಿದ್ಧತೆಯಲ್ಲೇ ಹೋಗಬೇಕು.

ಕೆಲವು ಹೆಸರುಗಳು ತಿಳಿದಿರಲಿ. ಒಬ್ಬರನ್ನು ಮೇಲೆತ್ತಿ ನಿಲ್ಲಿಸುವುದೇ ಸ್ಟಂಟ್. ಒಂದು ಸ್ಟಂಟ್ ಗುಂಪಿನಲ್ಲಿ ಸಾಮಾನ್ಯವಾಗಿ ನಾಲ್ವರು: ಎದುರುಬದುರಾಗಿ ನಿಂತು ಪಾದ ಹಿಡಿಯುವ ಇಬ್ಬರು ಬೇಸ್, ಹಿಂದಿನಿಂದ ಕಾಲು ಹಿಡಿದು ಬೀಳದಂತೆ ಕಾಯುವ ಬ್ಯಾಕ್‌ಸ್ಪಾಟ್, ಮೇಲೆ ನಿಲ್ಲುವ ಫ್ಲೈಯರ್. ನೆಲದ ಮೇಲಿನ ಪಲ್ಟಿಗಳೆಲ್ಲ ಟಂಬ್ಲಿಂಗ್. ಫ್ಲೈಯರ್‌ಳನ್ನು ಮೇಲಕ್ಕೆ ಎಸೆದು ಹಿಡಿಯುವುದು ಬಾಸ್ಕೆಟ್ ಟಾಸ್. ಹಲವು ಸ್ಟಂಟ್ ಗುಂಪುಗಳು ಒಂದಕ್ಕೊಂದು ಸೇರಿಕೊಂಡರೆ ಪಿರಮಿಡ್. ಹಿಡಿದಿದ್ದನ್ನು ಬಿಟ್ಟು ಫ್ಲೈಯರ್ ಕೆಳಗಿನವರ ತೋಳುಗಳಿಗೆ ಬಂದು ಒರಗುವುದು ಕ್ರೇಡಲ್.

ತಂಡ ಯಾವ ಹಂತದ್ದು ಎಂದು ಕೇಳಿಕೊಳ್ಳುವುದು ಒಳ್ಳೆಯದು. ಆಲ್‌ಸ್ಟಾರ್ ಚಿಯರ್‌ನಲ್ಲಿ, ಅಂದರೆ ಸ್ಪರ್ಧೆಗೆಂದೇ ಕಟ್ಟಿದ ಕ್ಲಬ್ ತಂಡಗಳ ಚಿಯರ್‌ನಲ್ಲಿ, 1ರಿಂದ 7ರವರೆಗೆ ಹಂತಗಳಿವೆ. 1ನೇ ಹಂತದ ಪುಟ್ಟ ಮಕ್ಕಳಲ್ಲಿ ಬಾಸ್ಕೆಟ್ ಟಾಸ್ ಇರುವುದೇ ಇಲ್ಲ. ಉರುಳುವುದು, ಬಂಡಿಚಕ್ರ, ನಿಧಾನವಾಗಿ ಹಿಂದಕ್ಕೆ ಬಾಗಿ ಕಾಲು ದಾಟಿಸುವುದು, ಅಷ್ಟೇ. ಮೇಲಿನ ಹಂತಗಳಿಗೆ ಹೋದಂತೆ ವೇಗವೂ ಎತ್ತರವೂ ಏರುತ್ತವೆ. ಕ್ಯಾಮೆರಾದ ಸಿದ್ಧತೆ ಇದನ್ನೇ ಅವಲಂಬಿಸಿದೆ.

ಅನುಮತಿ

ಸ್ಪರ್ಧೆಗೆ ಎಷ್ಟೋ ದಿನ ಮೊದಲೇ ಆಯೋಜಕರ ನಿಯಮ ಓದಿ. ಅನೇಕ ಕಡೆ ಅವರದೇ ಅಧಿಕೃತ ಫೋಟೊಗ್ರಾಫರ್ ಇರುತ್ತಾರೆ. ಹೊರಗಿನವರ ದೊಡ್ಡ ಲೆನ್ಸ್‌ಗಳಿಗೆ, ಟ್ರೈಪಾಡ್‌ಗೆ ತಡೆ ಇರಬಹುದು. ನೀವು ಒಂದು ತಂಡದ ಪರವಾಗಿ ಹೋಗುತ್ತಿದ್ದರೆ ತರಬೇತುದಾರರ ಮೂಲಕವೇ ಬರಹದಲ್ಲಿ ಅನುಮತಿ ಕೇಳಿ, ಪ್ರತಿ ಮಗುವಿನ ಪೋಷಕರ ಒಪ್ಪಿಗೆಯನ್ನೂ ಪಡೆಯಿರಿ. ಒಬ್ಬರು ಬೇಡ ಎಂದರೆ ಆ ಮಗು ಯಾವುದೆಂದು ಮೊದಲೇ ಗುರುತಿಟ್ಟುಕೊಳ್ಳಿ. ಬಟ್ಟೆ ಬದಲಿಸುವ ಕೋಣೆಯ ಹತ್ತಿರ ಕ್ಯಾಮೆರಾ ಚೀಲದಿಂದ ಹೊರಬರಲೇಬಾರದು.

ಫ್ಲ್ಯಾಶ್ ಬೇಡವೇ ಬೇಡ. ನಿಯಮದಲ್ಲಿ ಬರೆದಿರಲಿ ಬಿಡಲಿ, ತಲೆಯ ಮೇಲಿನ ಮಗುವನ್ನೇ ನೋಡುತ್ತಿರುವ ಬೇಸ್‌ನ ಕಣ್ಣಿಗೆ ಒಂದು ಮಿಂಚು ಹೊಡೆದರೆ ಏನಾಗಬಹುದೆಂದು ಯೋಚಿಸಿದರೆ ಸಾಕು. ಫೋಕಸ್‌ಗೆ ನೆರವಾಗಲು ಕ್ಯಾಮೆರಾ ತಾನೇ ಹೊತ್ತಿಸುವ ಪುಟ್ಟ ದೀಪವೂ ಇದೆ. ಅದನ್ನು ಮೆನುವಿನಲ್ಲಿ ಹುಡುಕಿ ಆರಿಸಿಡಿ.

ಪ್ರದರ್ಶನವನ್ನು ಬಾಯಿಪಾಠ ಮಾಡಿ

ಒಂದು ತಂಡ ಇಡೀ ಋತುವಿನಲ್ಲಿ ಹೆಚ್ಚುಕಡಿಮೆ ಒಂದೇ ರೂಟೀನ್ ಮಾಡುತ್ತದೆ, ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ. ಫೋಟೊಗ್ರಾಫರ್‌ಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಅಭ್ಯಾಸದ ವಿಡಿಯೊ ಕೇಳಿ ತರಿಸಿಕೊಂಡು ಐದಾರು ಸಲ ನೋಡಿ. ಸಂಗೀತವನ್ನು ಮಕ್ಕಳು ಎಂಟೆಂಟು ಎಣಿಕೆಗಳಾಗಿ ಲೆಕ್ಕ ಹಾಕುತ್ತಾರೆ. ನೀವೂ ಹಾಗೆಯೇ ಎಣಿಸಿ. "ಎರಡನೆಯ ಎಂಟರ ಐದಕ್ಕೆ ಎಡಗಡೆ ಬಾಸ್ಕೆಟ್" ಎಂದು ಚೀಟಿಯಲ್ಲಿ ಬರೆದುಕೊಂಡರೆ ಅಂದು ಕಣ್ಣು ಅಲ್ಲೇ ಇರುತ್ತದೆ.

ಸಾಧ್ಯವಾದರೆ ಒಂದು ಅಭ್ಯಾಸಕ್ಕೇ ಹೋಗಿ. ಆದರೆ ಆ ದಿನ ಮಕ್ಕಳು ಇಡೀ ರೂಟೀನನ್ನು ಪೂರ್ತಿ ಶಕ್ತಿಯಲ್ಲಿ ಮಾಡುತ್ತಾರೋ, ಬರೀ ಹೆಜ್ಜೆ ಗುರುತಿಸುತ್ತಾರೋ ಕೇಳಿಕೊಳ್ಳಿ. ಹೆಜ್ಜೆ ಗುರುತಿಸುವ ಅಭ್ಯಾಸದಲ್ಲಿ ವೇಗದ ಅಂದಾಜು ಸಿಗುವುದಿಲ್ಲ. ಅಲ್ಲಿಂದ ಬರುವಾಗ ತಂಡದ ಪಟ್ಟಿ ತನ್ನಿ. ಪ್ರತಿ ಹೆಸರಿನ ಎದುರು ಬೇಸ್, ಬ್ಯಾಕ್‌ಸ್ಪಾಟ್, ಫ್ಲೈಯರ್, ಟಂಬ್ಲರ್ ಎಂದು ಬರೆಯಿರಿ, ಬೇಸ್ ಆದರೆ ಎಡವೋ ಬಲವೋ ಎಂದೂ ಸೇರಿಸಿ. ಈ ಒಂದು ಕಾಗದ ಎಷ್ಟೇ ದುಬಾರಿ ಲೆನ್ಸ್‌ಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂದು ಅನುಭವದಿಂದ ಹೇಳುತ್ತಿದ್ದೇನೆ.

ಕ್ಯಾಮೆರಾದ ಸಿದ್ಧತೆ

70ರಿಂದ 200 ಮಿಲಿಮೀಟರ್‌ವರೆಗಿನ, ಎಫ್ 2.8 ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಇರುವ ಜೂಮ್ ಲೆನ್ಸ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅದಿಲ್ಲದಿದ್ದರೆ 85 ಮಿಲಿಮೀಟರ್, ಎಫ್ 1.8ರ ಲೆನ್ಸ್ ಅಗ್ಗವೂ ಹೌದು, ಮಬ್ಬು ಸಭಾಂಗಣದಲ್ಲಿ ನಂಬಿಕಸ್ತವೂ ಹೌದು; ಹತ್ತಿರ ಕೂರಲು ಜಾಗ ಸಿಗಬೇಕಷ್ಟೆ.

ಶಟರ್ ವೇಗವನ್ನು ಸೆಕೆಂಡಿನ 1/1000ರಿಂದ ಶುರುಮಾಡಿ. ಲೆಕ್ಕ ಸರಳ: ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬೀಸುವ ಕೈ 1/250ರಲ್ಲಿ 2 ಸೆಂಟಿಮೀಟರ್ ಸರಿದಿರುತ್ತದೆ, 1/1000ರಲ್ಲಿ ಅರ್ಧ ಸೆಂಟಿಮೀಟರ್. ಮೊದಲನೆಯದರಲ್ಲಿ ಬೆರಳುಗಳು ಕಲಸಿಹೋಗುತ್ತವೆ, ಎರಡನೆಯದರಲ್ಲಿ ಎಣಿಸಬಹುದು. 1ನೇ ಹಂತದ ಮಕ್ಕಳಿಗೆ, ಅಥವಾ ಸ್ಟಂಟ್ ಮೇಲೆ ಹೋಗಿ ನಿಂತ ಮೇಲೆ, 1/500 ಸಾಕಾಗುತ್ತದೆ. ಅಪರ್ಚರ್ ಎಫ್ 2.8. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಪ್ರಮಾಣ, ಸಭಾಂಗಣದ ಬೆಳಕಿಗೆ ತಕ್ಕಂತೆ 1600ರಿಂದ 6400ರ ನಡುವೆ ಎಲ್ಲೋ ನಿಲ್ಲುತ್ತದೆ. ಕಾಳು ಕಾಳಾದ ಚಿತ್ರವನ್ನು ಆಮೇಲೆ ಸರಿಪಡಿಸಬಹುದು. ಅಲುಗಿದ ಚಿತ್ರಕ್ಕೆ ಮದ್ದಿಲ್ಲ.

ಇವೆಲ್ಲವನ್ನೂ ಕೈಯಾರೆ ಹೊಂದಿಸುವ ಮ್ಯಾನ್ಯುಯಲ್‌ನಲ್ಲೇ ಇಡಿ. ಹಿಂದೆ ಕಪ್ಪು ಪರದೆ, ಇಲ್ಲವೇ ಉರಿಯುವ ಎಲ್‌ಇಡಿ ಗೋಡೆ, ಮುಂದೆ ಹೊಳೆಯುವ ಕಲ್ಲುಗಳನ್ನು ಹೊಲಿದ ಸಮವಸ್ತ್ರ. ಇವುಗಳ ನಡುವೆ ಸ್ವಯಂಚಾಲಿತ ಅಳತೆ ಕ್ಷಣಕ್ಕೊಂದು ಲೆಕ್ಕ ಹೇಳುತ್ತದೆ. ನಿಮ್ಮ ತಂಡಕ್ಕಿಂತ ಮೊದಲು ಬರುವ ತಂಡದ ಮೇಲೆ ಎರಡು ಮೂರು ಚಿತ್ರ ತೆಗೆದು, ಮುಖದ ಬೆಳಕು ಸರಿಯಾಗಿದೆಯೇ ಎಂದು ತೆರೆಯ ಮೇಲೆ ದೊಡ್ಡದು ಮಾಡಿ ನೋಡಿ, ಅಲ್ಲಿಗೆ ಬಿಗಿದುಬಿಡಿ. ಬೇರೆ ತಂಡದ ಮಕ್ಕಳ ಆ ಚಿತ್ರಗಳನ್ನು ಅಲ್ಲೇ ಅಳಿಸಿ. ಬಣ್ಣದ ದೀಪಗಳಿರುವುದರಿಂದ, ಆಮೇಲೆ ಬಣ್ಣ ತಿದ್ದಲು ಅನುವಾಗುವ ರಾ ಫೈಲ್‌ನಲ್ಲಿ ತೆಗೆಯುವುದು ಕ್ಷೇಮ.

ದೀಪಗಳ ಮಿಣುಕು ಅನೇಕರನ್ನು ತಬ್ಬಿಬ್ಬು ಮಾಡುವ ವಿಷಯ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ ಹಳೆಯ ಬಗೆಯ ಸಭಾಂಗಣ ದೀಪಗಳು ಸೆಕೆಂಡಿಗೆ 100 ಸಲ, 60 ಹರ್ಟ್ಸ್‌ನಲ್ಲಿ 120 ಸಲ ಏರಿಳಿಯುತ್ತವೆ. ಕಣ್ಣಿಗೆ ಕಾಣದಿದ್ದರೂ 1/1000ರ ಶಟರ್ ಆ ಏರಿಳಿತದ ಒಂದು ತುಣುಕನ್ನಷ್ಟೇ ಹಿಡಿಯುವುದರಿಂದ ಒಂದು ಚಿತ್ರ ಬೆಳ್ಳಗೆ, ಮುಂದಿನದು ಕಂದು. ಕ್ಯಾಮೆರಾದಲ್ಲಿ ಮಿಣುಕು ತಡೆಯುವ ಆಯ್ಕೆ ಇದ್ದರೆ ಅದನ್ನು ಹಾಕಿ. ಚಿತ್ರದ ಅಡ್ಡಕ್ಕೆ ಪಟ್ಟೆಗಳು ಬರುತ್ತಿದ್ದರೆ ಸಾಮಾನ್ಯವಾಗಿ ಅದು ಎಲ್‌ಇಡಿ ದೀಪ ಮತ್ತು ಎಲೆಕ್ಟ್ರಾನಿಕ್ ಶಟರ್‌ನ ಜಗಳ. ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿ ನೋಡಿ.

ಫೋಕಸ್ ಎಡೆಬಿಡದೆ ಹಿಂಬಾಲಿಸುವ ವಿಧಾನದಲ್ಲಿರಲಿ. ಆದರೆ ಕಣ್ಣು ಗುರುತಿಸುವ ಸೌಲಭ್ಯವನ್ನು ಪೂರ್ತಿ ನಂಬಬೇಡಿ. ಇಪ್ಪತ್ತು ಮುಖಗಳ ನಡುವೆ ಅದು ಹತ್ತಿರದ್ದಕ್ಕೋ ದೊಡ್ಡದಕ್ಕೋ ಜಿಗಿಯುತ್ತದೆ. ಚಿಕ್ಕ ಫೋಕಸ್ ವಲಯ ಇಟ್ಟುಕೊಂಡು ನಿಮಗೆ ಬೇಕಾದ ಗುಂಪಿನ ಮೇಲೆ ಕೂರಿಸಿ. 200 ಮಿಲಿಮೀಟರ್, ಎಫ್ 2.8ರಲ್ಲಿ 15 ಮೀಟರ್ ದೂರದ ಗುಂಪಿಗೆ ಸ್ಪಷ್ಟತೆಯ ಆಳ (ಹಿಂದೆ ಮುಂದೆ ಎಷ್ಟು ದೂರದವರೆಗೆ ಚಿತ್ರ ಸ್ಪಷ್ಟವಾಗಿರುತ್ತದೆ ಎಂಬುದು) ಹೆಚ್ಚುಕಡಿಮೆ ಒಂದು ಮೀಟರ್, ಪೂರ್ಣ ಅಳತೆಯ ಸೆನ್ಸರ್‌ನಲ್ಲಿ. ಒಂದು ಸ್ಟಂಟ್ ಗುಂಪು ಅದರೊಳಗೆ ಹಿಡಿಸುತ್ತದೆ. ಇಡೀ ಪಿರಮಿಡ್ ಬೇಕೆಂದರೆ ಎಫ್ 4ಕ್ಕೆ ಸರಿಯಿರಿ.

ಫೋನ್ ಮಾತ್ರ ಇದ್ದವರು ಜೂಮ್ ಮಾಡಿ ಹಿಗ್ಗಿಸಲು ಹೋಗದೆ 4ಕೆ ವಿಡಿಯೊ ತೆಗೆದು, ಆಮೇಲೆ ಒಳ್ಳೆಯ ಚೌಕಟ್ಟುಗಳನ್ನು ಬಿಡಿಸಿಕೊಳ್ಳಬಹುದು. ಒಂದೊಂದೂ ಸುಮಾರು 8 ಮೆಗಾಪಿಕ್ಸೆಲ್‌ನ ಚಿತ್ರ.

ಎಲ್ಲಿ ಕೂರಬೇಕು

ಎಲ್ಲರೂ ಹುಡುಕುವುದು ನಟ್ಟನಡುವಿನ ಜಾಗ. ರೂಟೀನನ್ನು ಕಟ್ಟಿರುವುದೇ ಮುಂದೆ ಮಧ್ಯದಲ್ಲಿರುವ ತೀರ್ಪುಗಾರರಿಗಾಗಿ, ಆದ್ದರಿಂದ ಅಲ್ಲಿಂದ ಪಿರಮಿಡ್‌ನ ಸಮರೂಪ ಚೆನ್ನಾಗಿ ಕಾಣುತ್ತದೆ. ಆದರೆ ಅಲ್ಲಿಂದ ಏನು ಕಾಣುವುದಿಲ್ಲ ಎಂಬುದನ್ನೂ ನೋಡಿ. ಬೇಸ್‌ಗಳು ಎದುರುಬದುರಾಗಿ ನಿಂತಿರುವುದರಿಂದ ಅವರ ಕೆನ್ನೆ ಮಾತ್ರ ಕಾಣುತ್ತದೆ. ಬ್ಯಾಕ್‌ಸ್ಪಾಟ್‌ನ ಮುಖ ಫ್ಲೈಯರ್‌ಳ ಕಾಲುಗಳ ಹಿಂದೆ ಮರೆ. ಆ ತಾಯಿಗೆ ಮಗಳ ಕೈ ಮಾತ್ರ ಕಂಡದ್ದು ನಾನು ಅಲ್ಲಿ ಕೂತಿದ್ದರಿಂದ.

ಮಧ್ಯದಿಂದ ಮೂವತ್ತು ನಲವತ್ತು ಡಿಗ್ರಿ ಪಕ್ಕಕ್ಕೆ, ಮೂಲೆಯ ಕಡೆ ಸರಿದರೆ ಚಿತ್ರ ತೆರೆದುಕೊಳ್ಳುತ್ತದೆ. ನೀವು ಬಲಮೂಲೆಯಲ್ಲಿದ್ದರೆ ನಿಮ್ಮ ಎಡಗಡೆಯ ಬೇಸ್‌ನ ಮುಖ ಕಾಣುತ್ತದೆ, ಕಾಲುಗಳ ಸಂದಿಯಿಂದ ಬ್ಯಾಕ್‌ಸ್ಪಾಟ್ ಇಣುಕುತ್ತಾಳೆ. ಬಲಗಡೆಯ ಬೇಸ್ ಮಾತ್ರ ನಿಮಗೆ ಬೆನ್ನು ಹಾಕಿರುತ್ತಾಳೆ. ಅವಳಿಗಾಗಿ ಎಡಮೂಲೆ ಬೇಕು. ಅನೇಕ ದೊಡ್ಡ ಸ್ಪರ್ಧೆಗಳು ಎರಡು ದಿನ ನಡೆಯುತ್ತವೆ, ತಂಡ ಎರಡೂ ದಿನ ಅದೇ ರೂಟೀನ್ ಮಾಡುತ್ತದೆ. ಮೊದಲ ದಿನ ಒಂದು ಮೂಲೆ, ಎರಡನೆಯ ದಿನ ಇನ್ನೊಂದು. ಓಡಿಬಂದು ಹೊಡೆಯುವ ಪಲ್ಟಿಗಳು ಕರ್ಣರೇಖೆಯಲ್ಲಿ ಮೂಲೆಯಿಂದ ಮೂಲೆಗೆ ಬರುವುದುಂಟು. ಮೂಲೆಯಲ್ಲಿ ಕೂತವರಿಗೆ ಅವು ನೇರ ಎದುರಿಗೇ ಬರುತ್ತವೆ.

ಅಂಕಣಕ್ಕೆ ತೀರಾ ಒತ್ತಿ ಕೂರಬೇಡಿ. ತಪ್ಪಿದ ಪಲ್ಟಿ ಚಾಪೆಯ ಆಚೆಗೂ ಬಂದೀತು. ಮಗು ಬಂದು ಬೀಳುವ ಜಾಗದಲ್ಲಿ ನಿಮ್ಮ ಕ್ಯಾಮೆರಾ ಇರಬಾರದು.

ಯಾವಾಗ ಒತ್ತಬೇಕು

ಎಸೆದ ಮಗು ತುತ್ತತುದಿ ಮುಟ್ಟಿದಾಗ ಒಂದು ಗಳಿಗೆ ಏರುವಿಕೆ ನಿಂತು, ಇಳಿಯುವಿಕೆ ಇನ್ನೂ ಶುರುವಾಗಿರುವುದಿಲ್ಲ. ತುದಿಗೆ 0.1 ಸೆಕೆಂಡ್ ಮೊದಲಿನಿಂದ 0.1 ಸೆಕೆಂಡ್ ನಂತರದವರೆಗೆ ಅವಳ ಎತ್ತರದಲ್ಲಿ ಆಗುವ ವ್ಯತ್ಯಾಸ ಬರೀ 5 ಸೆಂಟಿಮೀಟರ್. ಬಾಸ್ಕೆಟ್‌ನಲ್ಲಿ ಕಾಲು ಚಾಚುವ ಭಂಗಿ ಪೂರ್ತಿ ಅರಳುವುದೂ ಈ ಹೊತ್ತಿನಲ್ಲೇ. ಸೆಕೆಂಡಿಗೆ 10 ಚಿತ್ರ ತೆಗೆಯುವ ಕ್ಯಾಮೆರಾಗೆ ಈ ಕಿಟಕಿಯಲ್ಲಿ ಸಿಗುವುದು ಎರಡೇ ಚಿತ್ರ. ಕಂಡ ಮೇಲೆ ಒತ್ತಿದರೆ ಬೆರಳು ಎಚ್ಚರಗೊಳ್ಳುವಷ್ಟರಲ್ಲಿ ಅವಳು ಇಳಿಯುತ್ತಿರುತ್ತಾಳೆ. ಆದ್ದರಿಂದ ಎಸೆದವರ ಕೈ ಅವಳ ಪಾದ ಬಿಟ್ಟ ಕೂಡಲೇ ಒತ್ತಲು ಶುರುಮಾಡಿ, ಐದಾರು ಚಿತ್ರಕ್ಕೆ ಬಿಟ್ಟುಬಿಡಿ. ಗುಂಡಿಯನ್ನು ಹಿಡಿದೇ ಕೂತರೆ ಎರಡೂವರೆ ನಿಮಿಷಕ್ಕೆ 1500 ಚಿತ್ರ ಆಗುತ್ತವೆ, ಬೇಕಾದ ಹೊತ್ತಿಗೇ ಕ್ಯಾಮೆರಾದ ಬಫರ್ (ಚಿತ್ರಗಳು ಕಾರ್ಡಿಗೆ ಹೋಗುವ ಮುನ್ನ ತಂಗುವ ಜಾಗ) ತುಂಬಿ ಉಸಿರು ಕಟ್ಟುತ್ತದೆ.

ಜಿಗಿತಗಳಿಗೂ ಇದೇ ನಿಯಮ. ಇಡೀ ತಂಡ ಒಟ್ಟಿಗೆ ಜಿಗಿಯುವಾಗ ಎಲ್ಲರ ಪಾದ ನೆಲ ಬಿಟ್ಟಿರುವ ಒಂದು ಚೌಕಟ್ಟು ಹುಡುಕಿ. ತರಬೇತುದಾರರು ಗೋಡೆಗೆ ಹಾಕಿಕೊಳ್ಳುವುದು ಅದನ್ನೇ. ಒಂದು ಕಾಲು ನೇರ, ಒಂದು ಕಾಲು ಮಡಿಚಿದ ಜಿಗಿತ ಕಂಡರೆ ಅದು ಹರ್ಕಿ. ಚಿಯರ್‌ನ ಹಿರಿಯ ಲಾರೆನ್ಸ್ ಹರ್ಕಿಮರ್ ಹೆಸರಿನದು.

ಈಗ ಕೆಳಗಿನವರ ವಿಷಯ. ಅವರಿಗೂ ತುದಿಯ ಕ್ಷಣಗಳಿವೆ, ಬೇರೆ ಹೊತ್ತಿನಲ್ಲಿ. ಮೊದಲನೆಯದು ಎತ್ತುವ ಮುನ್ನ ಎಲ್ಲರೂ ಒಟ್ಟಿಗೆ ಮಂಡಿ ಬಗ್ಗಿಸುವ ಗಳಿಗೆ: ನಾಲ್ಕು ತಲೆಗಳು ಹತ್ತಿರ, ಹಲ್ಲು ಕಚ್ಚಿದ ಮುಖಗಳು, ಒಬ್ಬಳು ಎಣಿಕೆ ಹೇಳುತ್ತಿರುವ ಬಾಯಿ. ಎರಡನೆಯದು ಸ್ಟಂಟ್ ಮೇಲೆ ನಿಂತಾಗ. ಫ್ಲೈಯರ್‌ಳನ್ನು ಚೌಕಟ್ಟಿನಿಂದ ಪೂರ್ತಿ ಬಿಟ್ಟುಬಿಡಿ. ಮೇಲೆ ಎರಡು ಪಾದ, ಅವನ್ನು ಹಿಡಿದ ಆರು ಕೈ, ಮೇಲಕ್ಕೆತ್ತಿದ ಕಣ್ಣುಗಳು. ನಾನು ತೆಗೆದ ಚಿತ್ರಗಳಲ್ಲಿ ಮನೆಗಳ ಗೋಡೆಗೆ ಹೋದವುಗಳಲ್ಲಿ ಇಂಥವೇ ಹೆಚ್ಚು. ಮೂರನೆಯದು ಕ್ರೇಡಲ್. ಫ್ಲೈಯರ್ ತೋಳುಗಳಿಗೆ ಬಂದು ಬಿದ್ದ ಮರುಗಳಿಗೆಯಲ್ಲಿ ನಾಲ್ಕೂ ಮುಖಗಳು ಒಂದೇ ಎತ್ತರದಲ್ಲಿ, ಒಂದೇ ಸ್ಪಷ್ಟತೆಯ ಆಳದಲ್ಲಿ ಇರುತ್ತವೆ, ಬಿಗಿದ ಮುಖ ಸಡಿಲಾಗಿ ನಗು ಬರುತ್ತದೆ. ಹೆಚ್ಚಿನವರು ಫ್ಲೈಯರ್ ಕೆಳಗಿಳಿದ ಕೂಡಲೇ ಕ್ಯಾಮೆರಾ ಬೇರೆಡೆ ತಿರುಗಿಸುತ್ತಾರೆ. ನೀವು ಒಂದು ಸೆಕೆಂಡ್ ತಾಳಿ.

ಟಂಬ್ಲಿಂಗ್‌ನಲ್ಲಿ ತಲೆಕೆಳಗಾದ ಮುಖಕ್ಕಿಂತ, ಪಲ್ಟಿಗೆ ಮೊದಲು ನೆಲ ಬಿಡುವ ಕ್ಷಣ ಮತ್ತು ನೆಲಕ್ಕಿಳಿದು ಎದೆ ಎತ್ತಿ ನಿಲ್ಲುವ ಕ್ಷಣ ಒಳ್ಳೆಯ ಚಿತ್ರ ಕೊಡುತ್ತವೆ. ಕುಣಿತದ ಭಾಗದಲ್ಲಿ ಎಲ್ಲರೂ ಮುಂದೆ ನೋಡುತ್ತಿರುತ್ತಾರೆ; ಪಟ್ಟಿಯಲ್ಲಿ ಇನ್ನೂ ಸಿಗದ ಮಕ್ಕಳನ್ನು ಒಬ್ಬೊಬ್ಬರಾಗಿ ಹಿಡಿಯಲು ಅದೇ ಸಮಯ.

ಸ್ಟಂಟ್ ಮತ್ತು ಬಾಸ್ಕೆಟ್‌ಗೆ ಕ್ಯಾಮೆರಾ ಉದ್ದಕ್ಕೆ ತಿರುಗಿಸಿ, ಮೇಲೆ ಧಾರಾಳ ಜಾಗ ಬಿಡಿ. ಚಾಚಿದ ಬೆರಳ ತುದಿ ಕತ್ತರಿಸಿಹೋದರೆ ಇಡೀ ಚಿತ್ರ ಹೋದಂತೆ.

ಯಾವ ಕೋನ ಬೇಡ

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಕಾಲನ್ನು ಕಿವಿಯ ಹತ್ತಿರಕ್ಕೆ ಎತ್ತುವ, ಗಾಳಿಯಲ್ಲಿ ಎರಡೂ ಕಾಲು ಅಗಲಿಸುವ ಭಂಗಿಗಳು ಈ ಕ್ರೀಡೆಯಲ್ಲಿ ಸಹಜ, ತೀರ್ಪುಗಾರರು ಅವಕ್ಕೆ ಅಂಕ ಕೊಡುತ್ತಾರೆ. ಆದರೆ ಚಲನೆಯಲ್ಲಿ ಅರೆಕ್ಷಣ ಬಂದುಹೋಗುವುದು ಫೋಟೊದಲ್ಲಿ ಶಾಶ್ವತವಾಗಿ ನಿಲ್ಲುತ್ತದೆ. ನೆಲಕ್ಕೆ ಅಂಟಿ ಕೂತು ನೇರ ಎದುರಿನಿಂದ, ಕೆಳಗಿನಿಂದ ಮೇಲಕ್ಕೆ ಇವನ್ನು ತೆಗೆಯಬೇಡಿ. ಪಕ್ಕಕ್ಕೆ ಸರಿದ ಕೋನದಿಂದ ಅದೇ ಭಂಗಿಯ ಉದ್ದವೂ ಗೆರೆಯೂ ಇನ್ನೂ ಚೆನ್ನಾಗಿ ಬರುತ್ತವೆ, ಮಗುವಿನ ಘನತೆಯೂ ಉಳಿಯುತ್ತದೆ. ಆದರೂ ಕೆಲವು ಬಂದೇ ಬರುತ್ತವೆ. ಹೀಗಾಗಿ ಆರಿಸುವಾಗ ಮೊದಲ ಸುತ್ತಿನ ಕೆಲಸವೇ ಅವನ್ನು ತೆಗೆದುಹಾಕುವುದು. ಆ ಮಗುವಿನ ಪಕ್ಕದಲ್ಲಿ ಕೂತು ಈ ಚಿತ್ರ ತೋರಿಸಲು ನಿಮಗೆ ಮುಜುಗರವಾಗುವಂತಿದ್ದರೆ ಅದು ಇರಬಾರದ ಚಿತ್ರ.

ಬೀಳುವ ಚಿತ್ರಗಳೂ ಹಾಗೆಯೇ. ಸ್ಟಂಟ್ ಕುಸಿದರೆ ನಾನು ಕ್ಯಾಮೆರಾ ಇಳಿಸುತ್ತೇನೆ. ಆಕಸ್ಮಿಕವಾಗಿ ಸಿಕ್ಕಿದ್ದರೂ ಯಾರಿಗೂ ಕೊಡುವುದಿಲ್ಲ.

ಪ್ರದರ್ಶನ ಮುಗಿದ ಮೇಲೆ

ಸಂಗೀತ ನಿಂತ ಮೇಲಿನ ಹತ್ತು ಸೆಕೆಂಡು ಬೆರಳು ತೆಗೆಯಬೇಡಿ. ಕೊನೆಯ ಭಂಗಿ ಒಡೆದು ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ತಬ್ಬಿಕೊಳ್ಳುತ್ತಾರೆ. ಅಂಕಣದ ಮುಂದೆ ಅಷ್ಟು ಹೊತ್ತೂ ಅವರ ಜೊತೆಗೇ ಎಣಿಸುತ್ತಿದ್ದ ತರಬೇತುದಾರರ ಮುಖವನ್ನೂ ನೋಡಿ.

ಬಹುಮಾನ ಪ್ರಕಟಣೆಯಲ್ಲಿ ತಂಡಗಳು ನೆಲದ ಮೇಲೆ ಕೈಕೈ ಹಿಡಿದು ಕೂತಿರುತ್ತವೆ. ಸಾಮಾನ್ಯವಾಗಿ ಕೆಳಗಿನ ಸ್ಥಾನದಿಂದ ಮೇಲಕ್ಕೆ ಕೂಗುತ್ತಾ ಬರುವುದರಿಂದ, ಕೊನೆಯವರೆಗೂ ಹೆಸರು ಬಾರದ ತಂಡವೇ ಗೆದ್ದದ್ದು. ಎರಡನೆಯ ಸ್ಥಾನ ಕೂಗುವ ಮುನ್ನ ಮುಚ್ಚಿದ ಕಣ್ಣುಗಳು, ಬಿಗಿದ ಬೆರಳುಗಳು. ಅಲ್ಲಿಗೆ ಹತ್ತಿರದ ಚಿತ್ರ ಬೇಕು. ಹೆಸರು ಕೂಗಿದ ಮೇಲೆ ಅಗಲದ ಚಿತ್ರ, ಏಕೆಂದರೆ ಎಲ್ಲರೂ ಒಂದೇ ಸಲ ಎದ್ದು ಹಾರುತ್ತಾರೆ. ಸೋತ ತಂಡದ ಅಳುವ ಮುಖಗಳ ಮೇಲೆ ಲೆನ್ಸ್ ನೆಡಬೇಡಿ. ಅವರ ಪೋಷಕರು ನಿಮ್ಮನ್ನು ಕರೆದಿಲ್ಲ.

ಆರಿಸುವುದು, ಕೊಡುವುದು

ಚಿತ್ರ ವಾಲಿದ್ದರೆ ನೇರ ಮಾಡಲು ಅಂಕಣದ ಚಾಪೆಯನ್ನೇ ನೋಡಿ. ಸಾಮಾನ್ಯ ಅಂಕಣ 54 ಅಡಿ ಅಗಲ, 42 ಅಡಿ ಆಳ. ಒಂಬತ್ತು ಪಟ್ಟಿಗಳನ್ನು ಜೋಡಿಸಿರುತ್ತಾರೆ. ನೀವು ಮಧ್ಯದಲ್ಲಿದ್ದರೆ ನಡುಪಟ್ಟಿಯ ಜೋಡಣೆಯ ಗೆರೆ, ಮೂಲೆಯಲ್ಲಿದ್ದರೆ ಹಿಂದಿನ ಪರದೆಯ ಲಂಬ ಅಂಚು ಆಧಾರವಾಗಲಿ. ನೇರಳೆ ದೀಪದಲ್ಲಿ ಮುಖದ ಬಣ್ಣ ಎಷ್ಟು ತಿದ್ದಿದರೂ ಸರಿಹೋಗದಿದ್ದರೆ ಕಪ್ಪುಬಿಳುಪು ಮಾಡಿ. ಮಕ್ಕಳ ಮೈಯನ್ನು ತೆಳ್ಳಗೆ, ಬೆಳ್ಳಗೆ ಮಾಡಲು ಹೋಗಬೇಡಿ.

ಹಂಚುವಾಗ ತಂಡದ ಪೋಷಕರಿಗೆ ಮಾತ್ರ ತೆರೆಯುವ, ಪಾಸ್‌ವರ್ಡ್ ಇರುವ ಕೊಂಡಿ ಕೊಡಿ. ಸಾರ್ವಜನಿಕವಾಗಿ ಹಾಕುವುದಿದ್ದರೆ ಮತ್ತೊಮ್ಮೆ ಕೇಳಿ, ಚಿತ್ರದ ಜೊತೆ ಮಗುವಿನ ಹೆಸರು ಬರೆಯಬೇಡಿ, ಫೈಲ್‌ನಲ್ಲಿ ಅಡಗಿರುವ ಸ್ಥಳದ ಮಾಹಿತಿಯನ್ನೂ ತೆಗೆದುಹಾಕಿ.

ಮೊದಲ ದಿನದ ರಾತ್ರಿಯೇ ತಂಡದ ಹೆಸರುಗಳ ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಕೂತುಕೊಳ್ಳಿ. ಮುಖ ಸ್ಪಷ್ಟವಾಗಿರುವ, ಆ ಮಗುವೇ ಮುಖ್ಯವಾಗಿರುವ ಒಂದು ಚಿತ್ರ ಸಿಕ್ಕರೆ ಮಾತ್ರ ಹೆಸರಿನ ಮುಂದೆ ಗುರುತು ಹಾಕಿ. ಗುಂಪಿನಲ್ಲಿ ಎಲ್ಲೋ ಇದ್ದರೆ ಲೆಕ್ಕಕ್ಕಿಲ್ಲ. ಗುರುತು ಬೀಳದ ಹೆಸರು ಬಲಗಡೆಯ ಬೇಸ್‌ನದಾಗಿದ್ದರೆ, ನಾಳೆ ಎಲ್ಲರಿಗಿಂತ ಮೊದಲು ಹೋಗಿ ಎಡಮೂಲೆಯ ಜಾಗ ಹಿಡಿಯಿರಿ.